ನೀರು ಎಲ್ಲಿಗೆ ಹೋಯಿತು?

ಕನ್ನಡ ನಾಡಿನ ಗೃಹಸ್ಥನಿಗೆ ಬೆಂಕಿಯಿಂದ ಆಗಬೇಕಾದ ಕಾರ್ಯಗಳು ಮುಖ್ಯವಾಗಿ ಎರಡು: ಅಡಿಗೆ ಮತ್ತು ಅಭ್ಯಂಜನ. ಮಲೆನಾಡಿನ ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ, ಮನೆಯೊಳಗಿನ ಗಾಳಿಯನ್ನೇ ಕಾಯಿಸಿಕೊಂಡು ಕುಳಿತುಕೊಳ್ಳಬೇಕಾದ ಪ್ರಸಂಗ ಅವನಿಗೆ ಒದಗುವುದಿಲ್ಲ. ಶೀತದೇಶಗಳ ಸಂಗತಿ ಬೇರೆ. ಅಲ್ಲಿ ಗೋಡೆ, ಚಾವಣಿ, ಬಾಗಿಲುಗಳಂತೆ ಬಿಸುಪೂ ಮನೆಯ ಒಂದು ಅಂಗವೇ ಸರಿ. ಇಂಗ್ಲೆಂಡಿನಲ್ಲಿ ಕಾರ್ತಿಕದಿಂದ ಫಾಲ್ಗುಣದವರೆಗೆ ಆ ಅಂಗವೊಂದು ಊನವಾದ ಮನೆಯಲ್ಲಿ ಆರೋಗ್ಯವಂತನಾದವನು ಹೇಗೋ ಕಾಲ ಕಳೆದಾನು. ಹಸುಳೆಗೂ ವೃದ್ಧರಿಗೂ ಅದು ಪ್ರಾಣದ ಪ್ರಶ್ನೆಯಾಗಿ ಪರಿಣಮಿಸುವುದುಂಟು.

ಹಿಂದೆ ಆ ದೇಶದ ಮನೆಗಳಲ್ಲಿ ಕೋಣೆಗೊಂದು ಅಗ್ಗಿಷ್ಟಿಕೆಯಿದ್ದು, ಅದರಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಬೆಂಕಿಯ ಇದಿರಿನಲ್ಲಿ ಕುಳಿತವನ ಮೊಗ ಬೇಯುವುದು, ಬೆನ್ನು ನಡುಗುವುದು. ಇದು ಆ ಏರ್ಪಾಡಿನ ಸ್ವಭಾವ. ಊರಿಗೆ ಊರೇ ಉಗುಳುತ್ತಿದ್ದ ಹೊಗೆಯಿಂದ ಆದ ಹಾನಿಯೋ ಅದಕ್ಕಿಂತ ದೊಡ್ಡದು. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕವಿದ ಹೊಗೆಮಂಜು ಸಾವಿರಾರು ಜನರ ಪ್ರಾಣವನ್ನು ತೆಗೆದುಕೊಂಡಿತು. ಅದರ ಫಲವಾಗಿ 1956ರಲ್ಲಿ ವಾಯುಶುದ್ಧಿಯ ಶಾಸನವೊಂದು ಹುಟ್ಟಿತು. 1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ಬ್ರಿಟನ್ನಿನ ಪಾಲಿನ ಅನಿಲ ದೊರೆಯಿತು. 1967ರಿಂದ 1977ರವರೆಗೆ ಮನೆಮನೆಯ ಉಪಕರಣಗಳನ್ನು ಆ ಅನಿಲಕ್ಕೆ ಹೊಂದಿಸುವ ಕಾರ್ಯ ನಡೆಯಿತು. ಹೀಗೆ ಕೋಣೆಕೋಣೆಯ ಅಗ್ಗಿಷ್ಟಿಕೆಗಳು ಆರಿ, ಮನೆಗೊಂದು ಬಾಯ್ಲರ್ ಎಂಬ ಪದ್ಧತಿ ಅಲ್ಲಿ ಬೇರೂರಿತು.

ಬಾಯ್ಲರ್ ಎಂದೊಡನೆ ಕನ್ನಡ ಮನೆಯವರ ಕಣ್ಣಿಗೆ ಕಟ್ಟುವುದು ಬಚ್ಚಲಿನ ಮೂಲೆಯ ತಾಮ್ರದ ಹಂಡೆ. ಆದರೆ ಇವೆರಡರ ಧರ್ಮ ಒಂದೇ ಅಲ್ಲ. ಹಂಡೆಯ ನೀರು ಕಾಯುವುದು ಖರ್ಚಾಗುವುದಕ್ಕಾಗಿ. ಮಿಂದಷ್ಟು ಕಡಿಮೆಯಾಗುವುದು, ಕಡಿಮೆಯಾದಷ್ಟನ್ನು ಮತ್ತೆ ಹೊಯ್ಯುವುದು ಅಲ್ಲಿಯ ಕ್ರಮ. ಇಂಗ್ಲೆಂಡಿನ ಮನೆಗಳಲ್ಲಿ ಅಡಿಗೆಮನೆಯ ಗೋಡೆಗೆ ತೂಗುಹಾಕಿರುವ ಬಾಯ್ಲರಿನಲ್ಲಿಯಾದರೋ, ಅನಿಲದ ಉರಿಯಿಂದ ಕಾದ ನೀರನ್ನು ಒಂದು ಪಂಪು ಕೊಳವೆಗಳ ಮೂಲಕ ಕೋಣೆಕೋಣೆಗೂ ನೂಕುವುದು. ಅದು ರೇಡಿಯೇಟರುಗಳೆಂಬ ಉಕ್ಕಿನ ಹಲಗೆಗಳೊಳಗೆ ಹರಿದು, ತನ್ನ ಬಿಸಿಯನ್ನು ಅಲ್ಲಿ ಬಿಟ್ಟು, ತಣ್ಣಗಾಗಿ ಬಾಯ್ಲರಿಗೆ ಹಿಂದಿರುಗುವುದು. ಹೋಗುವುದೂ ಅದೇ ನೀರು, ಬರುವುದೂ ಅದೇ ನೀರು. ಸ್ನಾನಕ್ಕೆ ನಲ್ಲಿಯಲ್ಲಿ ಬರುವ ಬಿಸಿನೀರು ಬೇರೆ. ಅದು ಬೀದಿಯ ಕೊಳವೆಯಿಂದ ಬಂದು, ಬಾಯ್ಲರಿನೊಳಗೆ ಈ ನೀರಿನ ಬಿಸಿಯನ್ನು ಲೋಹದ ತಗಡುಗಳ ಮೂಲಕ ಪಡೆದುಕೊಂಡು ಹೋಗುವುದೇ ಹೊರತು ಇದರೊಡನೆ ಬೆರೆಯುವುದಿಲ್ಲ.

ಈ ಸುತ್ತುವ ನೀರಿನ ಯೋಗಕ್ಷೇಮವನ್ನು ಹೇಳುವುದಕ್ಕೆ ಬಾಯ್ಲರಿನ ಮೊಗದಲ್ಲಿ ಒಂದು ಚಿಕ್ಕ ಒತ್ತಡಮಾಪಕವಿರುವುದು. ಫ್ರಾನ್ಸಿನ ಯೂಜೆನ್ ಬೂರ್ದೋನ್ ಎಂಬಾತನು 1849ರಲ್ಲಿ ಇಂತಹ ಮಾಪಕದ ತತ್ತ್ವಕ್ಕೆ ಹಕ್ಕುಪತ್ರ ಪಡೆದನು. ಬಗ್ಗಿಸಿದ ಚಪ್ಪಟೆ ಕೊಳವೆಯೊಂದರೊಳಕ್ಕೆ ಒತ್ತಡ ಹೊಕ್ಕಾಗ ಅದು ನೇರವಾಗಲು ಹವಣಿಸುವುದು. ಆ ಹವಣಿಕೆಯೇ ಮುಳ್ಳನ್ನು ತಿರುಗಿಸುವುದು. ಮುಳ್ಳು ತೋರಿಸುವ ಮಾನಕ್ಕೆ ‘ಬಾರ್’ ಎಂದು ಹೆಸರು. ಸುಮಾರು 10 ಮೀಟರು ಎತ್ತರದ ನೀರು ತನ್ನ ಬುಡದಲ್ಲಿ ಒತ್ತುವ ಬಲವೇ ಒಂದು ಬಾರ್. ಎರಡು ಅಂತಸ್ತಿನ ಮನೆಯಲ್ಲಿ ಮೇಲಿನ ರೇಡಿಯೇಟರಿನವರೆಗೂ ನೀರು ತುಂಬಿ ನಿಲ್ಲಬೇಕು, ಗಾಳಿಗೆ ಎಡೆಯಿರಕೂಡದು. ಆದುದರಿಂದ ಬಾಯ್ಲರು ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ಕ್ಕೂ 1.5ಕ್ಕೂ ನಡುವೆ ಇರತಕ್ಕದ್ದು. ಅದು ಬಹಳ ಕೆಳಗಿಳಿದರೆ, ನೀರಿಲ್ಲದೆ ಉರಿದು ತಾನೇ ಕೆಟ್ಟುಹೋಗದಂತೆ ಯಂತ್ರವು ಉರಿಯನ್ನು ಆರಿಸಿಕೊಂಡು ಸುಮ್ಮನಾಗುವುದು.

ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣದಲ್ಲಿ ನೆಲಸಿದ್ದ ಮೈಸೂರು ಸೀಮೆಯ ಒಂದು ಸಂಸಾರದಲ್ಲಿ ಹೀಗೆಯೇ ಆಯಿತು. ಗೃಹಿಣಿ ಚೊಚ್ಚಲ ಬಾಣಂತಿ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಬಾಣಂತನಕ್ಕೆಂದು ಆಕೆಯ ತಾಯಿ ಊರಿನಿಂದ ಬಂದಿದ್ದರು. ಎಣ್ಣೆ ನೀರು, ಮೆಣಸಿನ ಸಾರು, ಬೆನ್ನಿಗೆ ಶಾಖ, ಎಲ್ಲವೂ ಊರಿನ ಕ್ರಮದಲ್ಲಿಯೇ ನಡೆದಿದ್ದವು. ಸಾಂಬ್ರಾಣಿಯ ಹೊಗೆ ಹಾಕಿದೊಡನೆ ಚಾವಣಿಯಲ್ಲಿದ್ದ ಹೊಗೆಸೂಚಕವು ಬೀದಿಗೆಲ್ಲ ಕೇಳುವಂತೆ ಅರಚಿಕೊಂಡುದರಿಂದ ಆ ಒಂದು ವಿಧಿಯನ್ನು ಮಾತ್ರ ಆಕೆ ಬಿಟ್ಟುಕೊಟ್ಟಿದ್ದರು. ಬಿಸಿನೀರನ್ನು ಬಿಟ್ಟುಕೊಡಲು ಆಕೆ ಸಿದ್ಧರಿರಲಿಲ್ಲ. ಹೀಗಿರಲು ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಗ್ಗೆ ನೋಡುವಾಗ ರೇಡಿಯೇಟರುಗಳು ಹೆಣದಂತೆ ತಣ್ಣಗಿದ್ದವು, ನಲ್ಲಿಯಲ್ಲಿ ಬಿಸಿನೀರಿಲ್ಲ, ಬಾಯ್ಲರಿನ ಮುಳ್ಳು ಸೊನ್ನೆಯ ಹತ್ತಿರ ಒರಗಿತ್ತು. ಅಂದು ಒಲೆಯ ಮೇಲೆ ಪಾತ್ರೆಗಳಲ್ಲಿ ನೀರು ಕಾಯಿಸಿ ಬಾಣಂತಿಗೆ ಎರೆದದ್ದಾಯಿತು. ಕೂಸನ್ನು ಮೂರು ಮಡಿಕೆ ಕಂಬಳಿಯಲ್ಲಿ ಸುತ್ತಿ ಅಜ್ಜಿ ಮಡಿಲಿನಿಂದ ಕೆಳಗಿಳಿಸಲಿಲ್ಲ.

ಅಳಿಯನು ಯಂತ್ರದೊಡನೆ ಬಂದಿದ್ದ ಕೈಪುಸ್ತಕವನ್ನು ಹುಡುಕಿ ತೆಗೆದು, ಅದರಲ್ಲಿ ಹೇಳಿದಂತೆ ಮಾಡಿದನು. ಕ್ರಮವು ಕಠಿನವಾದುದಲ್ಲ. ಮೊದಲು ವಿದ್ಯುತ್ತನ್ನು ಆರಿಸಿ, ಯಂತ್ರವು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಕಾದ ಯಂತ್ರಕ್ಕೆ ತಣ್ಣೀರನ್ನು ತುಂಬುವುದು ನಿಷಿದ್ಧ. ಬಾಯ್ಲರಿನ ಕೆಳಗೆ ಬೀದಿಯ ನೀರಿನ ಕೊಳವೆಗೂ ಬಾಯ್ಲರಿನ ಕೊಳವೆಗೂ ನಡುವೆ ಸೇರಿಸತಕ್ಕ, ಲೋಹದ ಎಳೆಗಳಿಂದ ಹೆಣೆದ ಒಂದು ಬಳುಕುವ ಕೊಳವೆಯಿರುವುದು. ಅದರ ಎರಡು ತುದಿಗಳಲ್ಲಿ ಎರಡು ತಿರುಪುಗಳು. ಕೊಳವೆಯನ್ನು ಬಿಗಿಯಾಗಿ ಜೋಡಿಸಿ, ಒಂದು ತಿರುಪನ್ನು ಪೂರ್ತಿಯಾಗಿಯೂ ಎರಡನೆಯದನ್ನು ಮೆಲ್ಲಮೆಲ್ಲನೆಯೂ ತೆರೆಯಬೇಕು. ನೀರು ಸರಸರನೆ ಒಳಹೋಗುವ ಸದ್ದು ಕೇಳುವುದು, ಮುಳ್ಳು ಏರುವುದು. ಅದು 1ನ್ನು ದಾಟಿ 1.5ನ್ನು ಮುಟ್ಟುವುದರೊಳಗೆ ಎರಡು ತಿರುಪುಗಳನ್ನೂ ಮುಚ್ಚಿಬಿಡಬೇಕು. ಕೈಮೀರಿ ಹೆಚ್ಚಾಯಿತೆಂದರೆ ಯಾವುದಾದರೊಂದು ರೇಡಿಯೇಟರಿನ ನೆತ್ತಿಯ ಸಣ್ಣ ತಿರುಪನ್ನು ಅದರ ಕೀಲಿಯಿಂದ ಸಡಿಲಿಸಿ, ಬಟ್ಟಲೊಂದನ್ನು ಒಡ್ಡಿ, ಸ್ವಲ್ಪ ನೀರನ್ನು ಬಿಡಬಹುದು. ರೇಡಿಯೇಟರಿನ ಮೇಲುಭಾಗ ತಣ್ಣಗೂ ಕೆಳಭಾಗ ಬಿಸಿಯಾಗಿಯೂ ಇದ್ದರೆ ಅಲ್ಲಿ ಗಾಳಿ ಸೇರಿದೆಯೆಂದು ಅರ್ಥ. ಅದನ್ನು ಬಿಡಿಸುವುದೂ ಆ ಕೀಲಿಯಿಂದಲೇ. ಗಾಳಿ ಬಿಡಿಸಿದ ಬಳಿಕ ಮುಳ್ಳು ತುಸು ಇಳಿಯುವುದು ಸಹಜವಾದುದರಿಂದ ಆಗ ಮತ್ತೊಮ್ಮೆ ನೋಡಿ ತುಂಬಬೇಕು.

ಇಷ್ಟಾದ ಮೇಲೆ ಆ ಬಳುಕುವ ಕೊಳವೆಯನ್ನು ಕಳಚಿ, ಎರಡು ಬಾಯಿಗಳಿಗೂ ಮುಚ್ಚಳ ಹಾಕಿ ಇಡಬೇಕೆಂದು ಅಲ್ಲಿಯ ನಿಯಮ. ಅನೇಕರು ಸೋಮಾರಿತನದಿಂದ ಅದನ್ನು ಹಾಗೆಯೇ ಬಿಟ್ಟಿರುವರು. ಅಳಿಯನು ಕಳಚುತ್ತಿರುವುದನ್ನು ಕಂಡು ಅತ್ತೆ ಕಾರಣ ಕೇಳಿದರು. ಬೀದಿಯ ಕೊಳವೆಯಲ್ಲಿ ಒತ್ತಡ ಕುಗ್ಗಿದರೆ ರೇಡಿಯೇಟರಿನ ಕೊಳಕು ನೀರು ಹಿಮ್ಮುಖವಾಗಿ ಹರಿದು ಕುಡಿಯುವ ನೀರಿಗೆ ಸೇರುವ ಸಂಭವವುಂಟೆಂದೂ, ಹಾಗಾಗದಿರಲೆಂದೇ ಈ ಏರ್ಪಾಡೆಂದೂ ಆತ ವಿವರಿಸಿದನು. ಬ್ರಿಟನ್ನಿನ 1999ರ ನೀರಿನ ಜೋಡಣೆಗಳ ಶಾಸನದ ಒಂದು ಮುಖ್ಯೋದ್ದೇಶವೇ ಇದು. ಆಕೆಗೆ ಮತ್ತೇನನ್ನೂ ಹೇಳಬೇಕಾಗಲಿಲ್ಲ. ಮಡಿನೀರಿನ ಕೊಡಕ್ಕೆ ಮೈಲಿಗೆಯ ತಂಬಿಗೆ ತಗುಲಕೂಡದೆಂಬ ಶಿಸ್ತಿನಲ್ಲಿ ಬೆಳೆದವರಿಗೆ ಆಂಗ್ಲರ ಈ ಮಡಿ ಹೊಸದಾಗಿ ತೋರಲಿಲ್ಲ.

ಯಂತ್ರ ಮತ್ತೆ ಉರಿಯಿತು, ಮನೆ ಬೆಚ್ಚಗಾಯಿತು. ಆದರೆ ಮೂರು ದಿನಗಳಾಗುವಷ್ಟರಲ್ಲಿ ಮುಳ್ಳು ಮರಳಿ ಇಳಿದಿತ್ತು. ಮತ್ತೆ ತುಂಬಿದ್ದಾಯಿತು. ಆಮೇಲೆ ಎರಡು ದಿನಕ್ಕೊಮ್ಮೆ, ಅನಂತರ ದಿನಕ್ಕೊಮ್ಮೆ. ಬೆಳಗ್ಗೆ ಎದ್ದು ನೀರು ತುಂಬುವುದು ಸಂಧ್ಯಾವಂದನೆಯಂತೆ ನಿತ್ಯಕರ್ಮವೇ ಆಗಿಹೋಯಿತು. ಆ ವಿದ್ಯೆ ಕೈವಶವಾಗಿದ್ದುದರಿಂದ ಅಳಿಯನಿಗೆ ಅದರಲ್ಲಿ ಒಂದು ಬಗೆಯ ತೃಪ್ತಿಯೂ ಇದ್ದಂತೆ ತೋರುತ್ತಿತ್ತು. ಒಂದು ದಿನ ಅತ್ತೆ ಬಾಗಿಲ ಬಳಿ ನಿಂತು ನೋಡುತ್ತಿದ್ದು ಕೇಳಿದರು:

“ನಲ್ಲಿಯಲ್ಲಿ ಬರುವ ಬಿಸಿನೀರು ಇದೇ ಏನು?”

“ಅಲ್ಲ ಅತ್ತೆ. ಅದು ಬೇರೆ, ಇದು ಬೇರೆ. ಇದು ಒಳಗೊಳಗೇ ಸುತ್ತುವ ನೀರು. ಹೊರಕ್ಕೆ ಬರುವುದೇ ಇಲ್ಲ.”

“ಹೊರಕ್ಕೇ ಬರುವುದಿಲ್ಲವೆಂದ ಮೇಲೆ, ನೀವು ಇಷ್ಟು ದಿನ ತುಂಬಿದ ನೀರು ಎಲ್ಲಿಗೆ ಹೋಯಿತು?”

ಈ ಪ್ರಶ್ನೆಯಲ್ಲಿಯೇ ವಿಷಯದ ಸಾರವೆಲ್ಲ ಅಡಗಿದೆ. ಹಂಡೆಯ ವಿಷಯದಲ್ಲಿ ಅದನ್ನು ಕೇಳುವ ಅಗತ್ಯವಿಲ್ಲ. ಮುಚ್ಚಿದ ಸುತ್ತಿನಲ್ಲಿ ಮಾತ್ರ ನೀರು ಕಡಿಮೆಯಾಗುವುದು ಸಹಜವಲ್ಲ, ರೋಗಲಕ್ಷಣ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ತುಸು ತುಂಬಬೇಕಾಗಿ ಬಂದರೆ ಚಿಂತೆಯಿಲ್ಲ. ವಾರವಾರವೂ ತುಂಬಬೇಕಾಯಿತೆಂದರೆ ನೀರು ಎಲ್ಲಿಯೋ ಹೊರಹೋಗುತ್ತಿದೆಯೆಂಬುದು ನಿಶ್ಚಯ. ತೂತಿನ ಕೊಡಕ್ಕೆ ನೀರು ಹೊಯ್ದಂತೆ ತುಂಬುತ್ತ ಕುಳಿತರೆ ಕೇವಲ ವ್ಯರ್ಥಶ್ರಮವಲ್ಲ, ಅಪಾಯವೂ ಉಂಟು. ಒಂದೇ ನೀರು ಬಹುಕಾಲ ಸುತ್ತುತ್ತಿದ್ದರೆ ಅದರಲ್ಲಿ ಕರಗಿದ್ದ ಆಮ್ಲಜನಕವು ಬೇಗನೆ ತೀರಿಹೋಗಿ, ತುಕ್ಕು ಹಿಡಿಯುವುದು ಬಹುಮಟ್ಟಿಗೆ ನಿಂತುಬಿಡುವುದು. ಹೊಸ ನೀರು ಬಂದಂತೆಲ್ಲ ಹೊಸ ಆಮ್ಲಜನಕ ಬರುವುದು; ಉಕ್ಕಿನ ರೇಡಿಯೇಟರುಗಳನ್ನು ಅದು ಒಳಗಿನಿಂದಲೇ ತಿನ್ನತೊಡಗುವುದು. ತುಕ್ಕಿನ ಕಪ್ಪು ಕೆಸರು ರೇಡಿಯೇಟರಿನ ತಳದಲ್ಲಿಯೂ ಪಂಪಿನಲ್ಲಿಯೂ ಸೇರುವುದು. ತುಕ್ಕನ್ನು ತಡೆಯಲೆಂದು ಮೊದಲೇ ಬೆರೆಸಿದ್ದ ಔಷಧವೂ ತೆಳುವಾಗುತ್ತ ಹೋಗುವುದು. ಹೀಗೆ, ಒಮ್ಮೆ ಮಾಡಿದರೆ ಚಿಕಿತ್ಸೆಯಾದುದು ದಿನದಿನವೂ ಮಾಡಿದರೆ ರೋಗಕ್ಕೆ ಆಹಾರವಾಗುವುದು.

ಆಯುರ್ವೇದದಲ್ಲಿ ಔಷಧಗಳ ಗೊಡವೆಗೆ ಹೋಗದೆ ರೋಗದ ಕಾರಣ ಲಕ್ಷಣಗಳನ್ನೇ ನಿರೂಪಿಸಲು ಹೊರಟ ‘ಮಾಧವನಿದಾನ’ವೆಂಬ ಗ್ರಂಥವೇ ಇದೆ. ನಿದಾನವಿಲ್ಲದ ಚಿಕಿತ್ಸೆ ಕತ್ತಲೆಯಲ್ಲಿ ಕಲ್ಲೆಸೆದಂತೆ ಎಂಬುದು ವೈದ್ಯರ ಮತ. ಬಾಯ್ಲರಿನ ನಿದಾನವೂ ಹಾಗೆಯೇ ಕ್ರಮವಾಗಿ ನಡೆಯತಕ್ಕದ್ದು. ಮೊದಲು ಎಲ್ಲ ರೇಡಿಯೇಟರುಗಳ ಸಂದುಗಳನ್ನು ಒಣಬಟ್ಟೆಯಿಂದ ಒರಸಿ ತೇವವಿದೆಯೇ ಎಂದು ನೋಡಬೇಕು; ಬಿಸಿ ಕೊಳವೆಯ ಮೇಲೆ ಜಿನುಗಿದ ಹನಿ ಕೂಡಲೆ ಆರಿಹೋಗಿ ಬಿಳಿಯ ಅಥವಾ ಹಸುರು ಕಲೆಯನ್ನು ಮಾತ್ರ ಉಳಿಸುವುದುಂಟು. ನೆಲದಲ್ಲಿಯೂ ಕೆಳಗಿನ ಕೋಣೆಯ ಚಾವಣಿಯಲ್ಲಿಯೂ ಒದ್ದೆಯ ಗುರುತು ಕಂಡರೆ ನೆಲದಡಿಯ ಕೊಳವೆಯನ್ನು ಶಂಕಿಸಬೇಕು. ಎಲ್ಲಿಯೂ ಏನೂ ಕಾಣದಿದ್ದರೆ ತಾರ್ಕಿಕರ ಅನ್ವಯವ್ಯತಿರೇಕಗಳನ್ನು ಹೋಲುವ ಒಂದು ಪರೀಕ್ಷೆಯುಂಟು. ರಾತ್ರಿ ಯಂತ್ರವನ್ನು ಆರಿಸಿ, ಅದು ತಣಿದ ಮೇಲೆ, ರೇಡಿಯೇಟರುಗಳಿಗೆ ನೀರು ಹೋಗುವ ಮತ್ತು ಬರುವ ಎರಡು ಕೊಳವೆಗಳನ್ನೂ ಬಾಯ್ಲರಿನ ಬುಡದಲ್ಲಿ ಮುಚ್ಚಿಬಿಡುವುದು. ಬೆಳಗ್ಗೆ ಮುಳ್ಳು ಇಳಿದಿದ್ದರೆ ದೋಷವು ಬಾಯ್ಲರಿನೊಳಗೆ. ಮುಳ್ಳು ಇದ್ದಲ್ಲೇ ಇದ್ದು, ಕೊಳವೆಗಳನ್ನು ತೆರೆದೊಡನೆ ಕುಸಿದರೆ ದೋಷವು ಮನೆಯ ಕೊಳವೆಗಳಲ್ಲಿ.

ಆ ಮನೆಯಲ್ಲಿ ಈ ಪರೀಕ್ಷೆಯವರೆಗೆ ಹೋಗಬೇಕಾಗಲಿಲ್ಲ. ಅಳಿಯನು ಸಂದುಗಳನ್ನೆಲ್ಲ ಒರಸಿ ನೋಡಿದನು, ಎಲ್ಲವೂ ಒಣಗಿದ್ದವು. ಮರುದಿನ ಅತ್ತೆ ಹಕ್ಕಿಗಳಿಗೆ ಅಕ್ಕಿಯ ನುಚ್ಚು ಹಾಕಲೆಂದು ಹಿತ್ತಲಿಗೆ ಇಳಿದಾಗ, ಅಡಿಗೆಮನೆಯ ಹೊರಗೋಡೆಯಿಂದ ಚಾಚಿದ್ದ ಕಿರಿದಾದ ತಾಮ್ರದ ಕೊಳವೆಯೊಂದರ ಕೆಳಗೆ ಅಂಗೈಯಗಲದ ಮಂಜುಗಡ್ಡೆಯನ್ನು ಕಂಡರು. ನಾಲ್ಕೈದು ದಿನಗಳಿಂದ ಮಳೆಯೂ ಇಲ್ಲ, ಹಿಮವೂ ಇಲ್ಲ. ಹಿತ್ತಲಿನಲ್ಲಿ ಮತ್ತೆಲ್ಲಿಯೂ ಗಡ್ಡೆಯಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದಕ್ಕೆ ತರ್ಕಶಾಸ್ತ್ರವನ್ನು ಓದಿರಬೇಕಾಗಿಲ್ಲ. ಆಕೆ ಒಳಗೆ ಬಂದು, “ನಿಮ್ಮ ನೀರು ಹಿತ್ತಲಲ್ಲಿದೆ, ಬಂದು ನೋಡಿ” ಎಂದಷ್ಟೇ ಹೇಳಿದರು.

ಆ ತಾಮ್ರದ ಕೊಳವೆ ಬಾಯ್ಲರಿನ ರಕ್ಷಾಕವಾಟದ ಬಾಯಿ. ನೀರು ಕಾದಾಗ ಹಿಗ್ಗುವುದು. 10 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ನೂರು ಪಾಲು ನೀರು ಸುಮಾರು ನೂರಮೂರು ಪಾಲಾಗುವುದು. ಮುಚ್ಚಿದ ಸುತ್ತಿನಲ್ಲಿ ಈ ಮೂರು ಪಾಲಿಗೆ ಎಡೆಯೆಲ್ಲಿ? ಅದಕ್ಕಾಗಿ ಒಂದು ಉಕ್ಕಿನ ಪಾತ್ರೆಯನ್ನಿಟ್ಟು, ಅದರ ನಡುವೆ ರಬ್ಬರಿನ ಪೊರೆಯನ್ನು ಕಟ್ಟಿ, ಒಂದು ಕಡೆ ನೀರಿಗೂ ಇನ್ನೊಂದು ಕಡೆ ಒತ್ತಿ ತುಂಬಿದ ಗಾಳಿಗೂ ಎಡೆಮಾಡಿರುವರು. ಹಿಗ್ಗಿದ ನೀರು ಪೊರೆಯನ್ನು ಒತ್ತುವುದು, ಗಾಳಿ ಕುಗ್ಗಿ ಜಾಗ ಬಿಡುವುದು. ನೀರು ತಣಿದಾಗ ಗಾಳಿ ಅದನ್ನು ಹಿಂದಕ್ಕೆ ನೂಕುವುದು. ವರ್ಷಗಳು ಕಳೆದಂತೆ ಆ ಗಾಳಿ ಸೋರಿಹೋದರೆ ನೀರಿಗೆ ಹಿಗ್ಗಲು ಎಡೆಯಿಲ್ಲದೆ ಒತ್ತಡ ಭರದಿಂದ ಏರಿ 3 ಬಾರನ್ನು ಮುಟ್ಟುವುದು. ಆಗ ಬಾಯ್ಲರು ಬಿರಿಯದಂತೆ ರಕ್ಷಾಕವಾಟ ತೆರೆದುಕೊಂಡು ನೀರನ್ನು ಹೊರಕ್ಕೆ ಚೆಲ್ಲುವುದು. ಹಾಗೆ ಚೆಲ್ಲಿದುದರಿಂದಲೇ ತಣಿದ ಬಳಿಕ ಮುಳ್ಳು ಸೊನ್ನೆಗೆ ಇಳಿಯುವುದು. ಅಂದು ಅಳಿಯನು ಯಂತ್ರ ಉರಿಯುತ್ತಿರುವಾಗ ಅದರ ಮುಂದೆ ನಿಂತು ಮುಳ್ಳನ್ನು ನೋಡಿದನು. ಬೆಳಗ್ಗೆ 1.5ರಲ್ಲಿದ್ದುದು ಅರ್ಧ ಗಂಟೆಯೊಳಗೆ 3ಕ್ಕೆ ಹೋಗಿತ್ತು. ಅಷ್ಟು ದಿನವೂ ಆತ ಮುಳ್ಳನ್ನು ನೋಡಿದ್ದು ಅದು ಬಿದ್ದಿರುವಾಗ ಮಾತ್ರ, ಏರಿದ್ದಾಗ ನೋಡಿರಲಿಲ್ಲ.

ಇಲ್ಲಿಂದ ಮುಂದಿನದು ಗೃಹಸ್ಥನ ಕೈಕೆಲಸವಲ್ಲ. ನೀರು ತುಂಬುವುದು, ರೇಡಿಯೇಟರಿನ ಗಾಳಿ ಬಿಡಿಸುವುದು, ಇವನ್ನು ಯಾರೂ ಮಾಡಬಹುದು. ಬಾಯ್ಲರಿನ ಹೊದಿಕೆಯನ್ನು ತೆಗೆದು ಅನಿಲದ ಸಂಬಂಧವಾದ ಭಾಗಗಳನ್ನು ಮುಟ್ಟುವ ಅಧಿಕಾರ ಅಲ್ಲಿ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ಹೆಸರುಳ್ಳವರಿಗೆ ಮಾತ್ರ ಉಂಟು. ಆ ಪಟ್ಟಿ 2009ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಈ ಕಟ್ಟಳೆ ನಿಷ್ಕಾರಣವಾದುದಲ್ಲ. ಸರಿಯಾಗಿ ಉರಿಯದ ಅನಿಲದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡ್ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಅದಕ್ಕೆ ಬಲಿಯಾಗುವುದುಂಟು. ಕೂಸಿರುವ ಮನೆಯಲ್ಲಿ ಸಾಹಸಕ್ಕೆ ಎಡೆಯಿಲ್ಲವೆಂದು ತಿಳಿದ ಅಳಿಯನು ಅಂತಹ ಒಬ್ಬ ಕೆಲಸಗಾರನನ್ನು ಕರೆಸಿದನು. ಬಂದಾತನು ತನ್ನ ಗುರುತಿನ ಚೀಟಿಯನ್ನು ತೋರಿಸಿದನು. ಯಾವ ಯಾವ ಕೆಲಸಕ್ಕೆ ಅರ್ಹನೆಂಬುದು ಅದರ ಹಿಂಬದಿಯಲ್ಲಿ ಬರೆದಿರುವುದು. ಆತ ನೀರಿನ ಒತ್ತಡವನ್ನು ಪೂರ್ತಿ ಇಳಿಸಿ, ಉಕ್ಕಿನ ಪಾತ್ರೆಯ ಗಾಳಿಯ ಬಾಯಿಯನ್ನು ಒತ್ತಿ ನೋಡಿದನು. ಅಲ್ಲಿಂದ ನೀರು ಬಂದಿದ್ದರೆ ಪೊರೆ ಹರಿದಿದೆಯೆಂದೂ ಪಾತ್ರೆಯನ್ನೇ ಬದಲಾಯಿಸಬೇಕೆಂದೂ ಅರ್ಥ. ನೀರು ಬರಲಿಲ್ಲ, ಗಾಳಿಯೂ ಬಹುಮಟ್ಟಿಗೆ ಇರಲಿಲ್ಲ. ಮೋಟಾರಿನ ಚಕ್ರಕ್ಕೆ ತುಂಬುವಂತೆ ಪಂಪಿನಿಂದ ಗಾಳಿಯನ್ನು ತುಂಬಿದನು. ಪದೇಪದೇ ತೆರೆದು ಕಸ ಸಿಕ್ಕಿಕೊಂಡು, ಸರಿಯಾಗಿ ಮುಚ್ಚಿಕೊಳ್ಳದಂತಾಗಿದ್ದ ರಕ್ಷಾಕವಾಟವನ್ನು ಬದಲಾಯಿಸಿದನು. ತೆಳುವಾಗಿದ್ದ ತುಕ್ಕುನಿರೋಧಕ ಔಷಧವನ್ನೂ ಹೊಸದಾಗಿ ಬೆರೆಸಿ ನೀರು ತುಂಬಿದನು.

ಇಲ್ಲಿ ವಿಚಾರಿಸತಕ್ಕ ಮತ್ತೊಂದು ಅಂಶವುಂಟು. ನೀರು ಸೋರುತ್ತಿದ್ದುದು ರಕ್ಷಾಕವಾಟದಿಂದ. ಅದೊಂದನ್ನೇ ಬದಲಾಯಿಸಿ ಕೈತೊಳೆದುಕೊಂಡಿದ್ದರೆ ಹೊಸ ಕವಾಟವೂ ಕೆಲವೇ ದಿನಗಳಲ್ಲಿ ತೊಟ್ಟಿಕ್ಕುತ್ತಿತ್ತು. ಏಕೆಂದರೆ ಕವಾಟವು ತಪ್ಪು ಮಾಡಿರಲಿಲ್ಲ. ತನ್ನ ಕರ್ತವ್ಯವನ್ನೇ ಮಾಡುತ್ತ ಸವೆದುಹೋಗಿತ್ತು. ಅದರ ಹಿಂದಿನ ಕಾರಣ ಗಾಳಿಯಿಲ್ಲದ ಪಾತ್ರೆ. ನೀರು ಎಲ್ಲಿಗೆ ಹೋಯಿತೆಂದು ಕೇಳುವುದು ಮೊದಲ ಮೆಟ್ಟಿಲು. ಏಕೆ ಹೋಯಿತೆಂದು ಕೇಳುವುದು ಎರಡನೆಯದು. ಈ ಎರಡನ್ನೂ ಹತ್ತಿದ ಮೇಲೆಯೇ ಮುಳ್ಳು ಸ್ಥಿರವಾಗಿ ನಿಲ್ಲುವುದು.

ಆ ಚಳಿಗಾಲವೆಲ್ಲ ಅಲ್ಲಿಯ ಮುಳ್ಳು ತಣ್ಣಗಿದ್ದಾಗ 1.2ರಲ್ಲಿಯೂ ಕಾದಾಗ 1.7ರಲ್ಲಿಯೂ ಇದ್ದಿತು. ಬಳುಕುವ ಕೊಳವೆ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಧೂಳು ಹಿಡಿಯಿತು. ಮೂರು ತಿಂಗಳ ಬಾಣಂತನ ಮುಗಿದು ಅಜ್ಜಿ ಊರಿಗೆ ಹೊರಡುವ ಹೊತ್ತಿಗೆ ಹಿತ್ತಲಿನ ಹುಲ್ಲು ಹಸುರಾಗಿತ್ತು. ಕೂಸು ಕಂಬಳಿಯನ್ನು ಒದೆದುಕೊಂಡು ಮಲಗುವಷ್ಟು ಮನೆ ಬೆಚ್ಚಗಿತ್ತು.